ವಿಸಿಟ್ ವೀಸಾದಲ್ಲಿ ಹೋಗಿ ಜರ್ಮನಿಯಲ್ಲಿ ಕೆಲಸಕ್ಕೆ ಸೇರ್ಬಹುದಾ?

ಪ್ರಶ್ನೆ: ನಂಗೆ 31 ವರ್ಷ. ಮೆಕ್ಯಾನಿಕಲ್ ಬಿಇ ಮುಗಿಸಿ ಆರು ವರ್ಷದಿಂದ ಡಿಸೈನ್ ಕೆಲಸದಲ್ಲಿದೀನಿ, ಜರ್ಮನಿಗೆ ಹೋಗೋ ಆಸೆ ಇದೆ. ಏಜೆಂಟ್ ಒಬ್ರು ಮೊದ್ಲು ವಿಸಿಟ್ ವೀಸಾದಲ್ಲಿ ಹೋಗಿ, ಕೆಲಸ ಸಿಕ್ಕಿದ್ಮೇಲೆ ಅಲ್ಲೇ ವರ್ಕ್ ಪರ್ಮಿಟ್ ಮಾಡಿಸ್ಕೊಡ್ತೀವಿ ಅಂತ ಅಡ್ವಾನ್ಸ್ ಕೇಳ್ತಿದಾರೆ. ಕೊಡ್ಲಾ? ಜರ್ಮನ್ ಭಾಷೆ ಬರಲ್ಲ, ಇಂಗ್ಲಿಷ್ ಚೆನ್ನಾಗಿ ಬರುತ್ತೆ.

ಉತ್ತರ: ದಯವಿಟ್ಟು ಒಂದು ರೂಪಾಯಿನೂ ಕೊಡ್ಬೇಡಿ. ಅಮೆರಿಕ, ಕೆನಡಾ, ಜಪಾನ್, ಆಸ್ಟ್ರೇಲಿಯಾ ತರದ ಕೆಲವೇ ದೇಶಗಳ ಪಾಸ್‌ಪೋರ್ಟ್ ಇರೋರು ವೀಸಾ ಇಲ್ದೆ ಜರ್ಮನಿಗೆ ಹೋಗಿ ಅಲ್ಲೇ ಪರ್ಮಿಟ್‌ಗೆ ಅರ್ಜಿ ಹಾಕ್ಬಹುದು, ಭಾರತದ ಪಾಸ್‌ಪೋರ್ಟ್‌ಗೆ ಆ ಅವಕಾಶ ಇಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಇಂಟರ್‌ವ್ಯೂ ಕೊಟ್ಟು ಬರಬಹುದು ಅಷ್ಟೆ, ಕೆಲಸ ಸಿಕ್ಕಿದ್ರೂ ವಾಪಸ್ ಬಂದು ಇಲ್ಲಿಂದಾನೇ ನ್ಯಾಷನಲ್ ವೀಸಾಗೆ, ಅಂದ್ರೆ ಅಲ್ಲೇ ಉಳಿದು ಕೆಲಸ ಮಾಡೋ ವೀಸಾಗೆ ಹಾಕ್ಬೇಕು. ಪರ್ಮಿಷನ್ ಇಲ್ದೆ ಕೆಲಸ ಮಾಡಿ ಸಿಕ್ಕಿಬಿದ್ರೆ ಮುಂದೆ ಹಾಕೋ ಅರ್ಜಿಗಳೂ ಕೆಡ್ತವೆ, ನನ್ನ ಭಯ ಅದೇ, ಯಾಕಂದ್ರೆ ನಿಮ್ಮ ಕೇಸ್ ನೇರ ದಾರೀಲೇ ಆಗೋವಷ್ಟು ಚೆನ್ನಾಗಿದೆ.

ಇವತ್ತೇ ಮಾಡ್ಬೇಕಾದ ಕೆಲಸ ಒಂದಿದೆ. ಹೊರದೇಶದ ಯೂನಿವರ್ಸಿಟಿ, ಡಿಗ್ರಿಗಳಿಗೆ ಜರ್ಮನಿಯಲ್ಲಿ ಮಾನ್ಯತೆ ಇದೆಯಾ ಅಂತ ನೋಡೋಕೆ ಅನಾಬಿನ್ ಅಂತ ಜರ್ಮನಿಯವರ ಡೇಟಾಬೇಸ್ ಇದೆ, ಫ್ರೀ, ಅದ್ರಲ್ಲಿ ನಿಮ್ಮ ಯೂನಿವರ್ಸಿಟಿ ಹುಡುಕಿ. ಎಚ್ ಪ್ಲಸ್ (ಮಾನ್ಯತೆ ಇದೆ) ಅಂತ ಇದ್ರೆ ಅರ್ಧ ಗೆದ್ದಂಗೆ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ತುಂಬಾ ಜನ ಯೂನಿವರ್ಸಿಟಿ ಮಾತ್ರ ನೋಡಿ ಡಿಗ್ರಿ ನೋಡೋದೇ ಬಿಟ್ಬಿಡ್ತಾರೆ, ನಿಮ್ಮ ಬಿಇ ಕೂಡ ಅಲ್ಲಿನ ಡಿಗ್ರಿಗೆ ಸಮ ಅಂತ ಬರ್ಬೇಕು. ಎರಡರ ಪ್ರಿಂಟ್ ತೆಗೆದಿಟ್ಕೊಳಿ. ಲಿಸ್ಟ್‌ನಲ್ಲಿ ಇಲ್ಲಾಂದ್ರೆ ಹೊರದೇಶದ ಡಿಗ್ರಿ ಪರಿಶೀಲಿಸೋ ಝಡ್‌ಎಬಿ ಅನ್ನೋ ಜರ್ಮನಿಯ ಕಚೇರಿಗೆ ಸರ್ಟಿಫಿಕೇಟ್ ಕಳಿಸಿ, 208 ಯೂರೋ ಕಟ್ಟಿ ಮೌಲ್ಯಮಾಪನ ಮಾಡಿಸ್ಬೇಕು.

ಇದು ಆದ್ಮೇಲೆ ಎರಡು ದಾರಿ. ಇಲ್ಲಿಂದಾನೇ ಅಪ್ಲೈ ಮಾಡಿ ಆಫರ್ ತಗೊಂಡ್ರೆ ಇಯು ಬ್ಲೂ ಕಾರ್ಡ್, ಅಂದ್ರೆ ಡಿಗ್ರಿ ಇದ್ದು ಒಳ್ಳೆ ಸಂಬಳದ ಕೆಲಸ ಸಿಕ್ಕೋರಿಗೆ ಕೊಡೋ ಪರ್ಮಿಟ್ ಕೇಳ್ಬಹುದು. 2025ರಲ್ಲಿ ಅದಕ್ಕೆ ವರ್ಷದ ಸಂಬಳ ಕನಿಷ್ಠ 48,300 ಯೂರೋ ಇರ್ಬೇಕಿತ್ತು, ಎಂಜಿನಿಯರ್ ತರ ಜನ ಸಾಲದ ಕೆಲಸಗಳಿಗೆ 43,759.80. ಈ ಮಿತಿ ಪ್ರತಿ ವರ್ಷ ಬದಲಾಗುತ್ತೆ, ಹಾಗಾಗಿ ಆಫರ್‌ಗೆ ಸೈನ್ ಹಾಕೋ ಮುಂಚೆ ಆ ವರ್ಷದ ಅಂಕಿ ನೋಡ್ಕೊಳಿ, ಸ್ವಲ್ಪ ಕಮ್ಮಿ ಬಿದ್ರೆ ಕಂಪನಿಯವರ ಹತ್ರ ಬಾಯಿಬಿಟ್ಟು ಕೇಳಿ. ಬ್ಲೂ ಕಾರ್ಡ್ ಸಿಕ್ಕಿದ್ರೆ 27 ತಿಂಗಳಿಗೆ, ಜರ್ಮನ್ ಬಿ1 (ಮಧ್ಯಮ ಹಂತ) ಕಲಿತ್ರೆ 21 ತಿಂಗಳಿಗೇ ಪರ್ಮನೆಂಟ್ ರೆಸಿಡೆನ್ಸ್ ಕೇಳ್ಬಹುದು.

ಅಲ್ಲಿಗೇ ಹೋಗಿ ಹುಡುಕ್ಬೇಕು ಅಂದ್ರೆ 2024ರ ಜೂನ್‌ನಿಂದ ಚಾನ್ಸೆನ್‌ಕಾರ್ಟೆ ಅಂತ ಕೆಲಸ ಹುಡುಕೋರಿಗೆ ಕೊಡೋ ಪರ್ಮಿಟ್ ಇದೆ, ಏಜೆಂಟ್ ಇದರ ಹೆಸರೇ ಎತ್ತದೇ ಇದ್ದಿದ್ದು ನಂಗೆ ಸಿಟ್ಟು ಬರ್ಸುತ್ತೆ. ಒಂದು ವರ್ಷ ಅಲ್ಲಿದ್ದು ಕೆಲಸ ಹುಡುಕ್ಬಹುದು, ಜೊತೆಗೆ ವಾರಕ್ಕೆ 20 ಗಂಟೆ ಪಾರ್ಟ್‌ಟೈಮ್ ಮಾಡ್ಬಹುದು, ಆಮೇಲೆ ವಾಪಸ್ ಬರ್ದೇನೇ ಪರ್ಮಿಟ್ ಬದಲಾಯಿಸ್ಬಹುದು. ಡಿಗ್ರಿ ಪೂರ್ತಿ ಸಮ ಅಂತ ಬಂದ್ರೆ ಪಾಯಿಂಟ್ ಲೆಕ್ಕನೇ ಬೇಡ. ಇಲ್ಲಾಂದ್ರೆ 6 ಪಾಯಿಂಟ್ ಬೇಕು: 35ರ ಒಳಗಿನ ವಯಸ್ಸಿಗೆ 2, ಕಳೆದ 7 ವರ್ಷದಲ್ಲಿ 5 ವರ್ಷ ಅನುಭವಕ್ಕೆ 3, ಇಂಗ್ಲಿಷ್ ಸಿ1 (ಮೇಲಿನ ಹಂತ) ಸರ್ಟಿಫಿಕೇಟ್‌ಗೆ 1, ನಿಮ್ಗೆ ಅಲ್ಲಿಗೆ ಸರಿಹೋಯ್ತು.

ಕಷ್ಟದ ಭಾಗ ದುಡ್ಡು. 2025ರ ಲೆಕ್ಕದಲ್ಲಿ ತಿಂಗಳಿಗೆ 1,091 ಯೂರೋ ಅಂತ ವರ್ಷಕ್ಕೆ 13,092 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದ್ರೆ ಒಟ್ಟಿಗೆ ತೆಗೆಯೋಕೆ ಆಗದ ಖಾತೇಲಿ ತೋರಿಸ್ಬೇಕಿತ್ತು. ಅದು ನಿಮ್ಮದೇ ದುಡ್ಡು, ಖರ್ಚಿಗೆ ತಿಂಗಳು ತಿಂಗಳು ನಿಮ್ಗೇ ಬರುತ್ತೆ. ವೀಸಾ ಫೀ ಬರೀ 75 ಯೂರೋ, ಏಜೆಂಟ್ ಕೇಳ್ತಿರೋ ಅಡ್ವಾನ್ಸ್ ಪಕ್ಕ ಇಟ್ಟು ನೋಡಿ. ಅದೇ ದುಡ್ಡಲ್ಲಿ ಜರ್ಮನ್ ಕ್ಲಾಸಿಗೆ ಸೇರ್ಕೊಳಿ, ಮೆಕ್ಯಾನಿಕಲ್ ಡಿಸೈನ್‌ನಲ್ಲಿ ಬರೀ ಇಂಗ್ಲಿಷ್ ಸಾಕು ಅನ್ನೋ ಕಂಪನಿಗಳು ಕಮ್ಮಿ.