ಮುಗಿಸಿದವರ ಲೆಕ್ಕ, ಬಿಟ್ಟುಹೋದವರ ಲೆಕ್ಕ

(ಕ್ರೈಸ್ತ ಸೆರೆಮನೆ ಸೇವೆಯ ಪುನರ್ವಸತಿ ಪಾಠಗಳು ಬೆಳೆದು ಬಂದ ಬಗೆಯನ್ನು ಕುರಿತ ನಮ್ಮ ಹಿಂದಿನ ಸಂಚಿಕೆಯ ಲೇಖನವನ್ನು ಓದಿ, ದಾವಣಗೆರೆಯ ನಿವೃತ್ತ ಶಿಕ್ಷಕರೊಬ್ಬರು ಮೂರು ಪ್ರಶ್ನೆ ಕೇಳಿದ್ದಾರೆ. ಪಾಠದ ಹೆಸರಿನಲ್ಲಿ ನಡೆಯುವುದು ಮತಪ್ರಚಾರವಲ್ಲವೇ? ಪಾಠ ಮುಗಿಸಿದವರಲ್ಲಿ ಶೇ. 8ರಷ್ಟು ಮಂದಿ ಮಾತ್ರ ಮರಳಿ ಜೈಲು ಸೇರಿದರೆಂಬುದನ್ನು ನಂಬಬಹುದೇ? ಕ್ರೈಸ್ತರಲ್ಲದ ತಾವೂ ಬಂದಿಗಳಿಗೆ ಪಾಠ ಹೇಳಬಹುದೇ?)

ಸಂಪಾದಕರ ಉತ್ತರ:

ಮಾನ್ಯರೇ,

ತಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪು ನಮ್ಮದು. ನಾವು ಮುದ್ರಿಸಿದ ಶೇ. 8 ಎಂಬ ಅಂಕಿ ಸುಳ್ಳಲ್ಲ, ಆದರೆ ಅರ್ಧ. ಅಮೆರಿಕದ ಟೆಕ್ಸಾಸಿನಲ್ಲಿ 1997ರಲ್ಲಿ ಆರಂಭವಾದ ಇನ್ನರ್‌ಚೇಂಜ್ ಎಂಬ ಕ್ರೈಸ್ತ ಸೆರೆಮನೆ ಕಾರ್ಯಕ್ರಮದ ಬಗ್ಗೆ 2003ರಲ್ಲಿ ಹೊರಬಂದ ಅಧ್ಯಯನದ ಅಂಕಿ ಅದು. ಆ ಅಧ್ಯಯನದಲ್ಲಿ ಲೆಕ್ಕಕ್ಕೆ ಸಿಕ್ಕವರು 177 ಮಂದಿ. ಪೂರ್ಣಗೊಳಿಸಿದವರೆಂದು ಪರಿಗಣಿಸಲ್ಪಟ್ಟವರು 75. ಈ 75 ಮಂದಿಯನ್ನಷ್ಟೇ ನೋಡಿದರೆ ಬಿಡುಗಡೆಯಾದ ಎರಡು ವರ್ಷಗಳೊಳಗೆ ಮರಳಿ ಜೈಲು ಸೇರಿದವರು ಶೇ. 8, ಪಾಠಕ್ಕೆ ಸೇರದ, ಅಂಥದೇ ಹಿನ್ನೆಲೆಯ ಬಂದಿಗಳಲ್ಲಿ ಶೇ. 20.3. ಆದರೆ ನಡುವೆ ಬಿಟ್ಟವರನ್ನೂ ಸೇರಿಸಿಕೊಂಡು ಎಲ್ಲ 177 ಮಂದಿಯನ್ನು ಎಣಿಸಿದಾಗ ಅದೇ ಪ್ರಮಾಣ ಶೇ. 24.3ಕ್ಕೆ ಏರುತ್ತದೆ. ಇದಲ್ಲದೆ, ಪೂರ್ಣಗೊಳಿಸಿದವರೆಂದು ಎನಿಸಿಕೊಳ್ಳಲು ಹೊರಬಂದ ಮೇಲೆ ಕೆಲಸದಲ್ಲಿ ನಿಂತಿರಬೇಕೆಂಬ ಷರತ್ತೂ ಇತ್ತು. ಕೆಲಸ ಹಿಡಿದು ನಿಂತವನು ಜೈಲಿಗೆ ಮರಳುವ ಸಂಭವ ಮೊದಲೇ ಕಡಿಮೆಯಲ್ಲವೇ? ಒಂಬತ್ತನೆಯ ತರಗತಿಯಲ್ಲೇ ದಡ್ಡರೆನಿಸಿದವರನ್ನು ಸೋಸಿ, ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶವೆಂದು ಫಲಕ ತೂಗುಹಾಕುವ ಶಾಲೆಗಳ ಲೆಕ್ಕ ತಮಗೆ ನನಗಿಂತ ಚೆನ್ನಾಗಿ ಗೊತ್ತು.

ಹಾಗೆಂದು ಈ ಸೇವೆ ಬೆಳೆದದ್ದೇ ಸುಳ್ಳೆಂದಾಗುವುದಿಲ್ಲ. ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರ ಆಪ್ತರಾಗಿದ್ದು, ವಾಟರ್‌ಗೇಟ್ ಹಗರಣದ ಸುಳಿಯಲ್ಲಿ ಏಳು ತಿಂಗಳು ಜೈಲಿನಲ್ಲಿದ್ದ ಚಾರ್ಲ್ಸ್ ಕೋಲ್ಸನ್ 1976ರಲ್ಲಿ ಕಟ್ಟಿದ, ಇನ್ನರ್‌ಚೇಂಜ್‌ಗೂ ಮೂಲವಾದ ಪ್ರಿಸನ್ ಫೆಲೋಶಿಪ್ ಸಂಸ್ಥೆ ಇಂದು ಹಲವು ದೇಶಗಳಿಗೆ ಹಬ್ಬಿದೆ. ನಮ್ಮಲ್ಲಿ 1981ರಲ್ಲಿ ಕೇರಳದ ಗುರುಮಠದ (ಪಾದ್ರಿಗಳಾಗಲು ಕಲಿಯುವ ಶಾಲೆಯ) ವಿದ್ಯಾರ್ಥಿಗಳಿಂದ ಆರಂಭವಾದ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ, ಬಂದಿಗಳನ್ನು ಭೇಟಿ ಮಾಡುವುದರ ಜೊತೆಗೆ ಬಿಡುಗಡೆಯಾದವರಿಗೆ ಆಸರೆಮನೆಗಳನ್ನೂ ನಡೆಸುತ್ತದೆ. ಹೊರಬಂದವನಿಗೆ ಮೊದಲ ರಾತ್ರಿ ತಲೆಯಿಡಲು ಜಾಗ ಕೊಡುವ ಈ ಕೆಲಸವನ್ನು ಅಂಕಿಗಳ ಗದ್ದಲದಲ್ಲಿ ನಮ್ಮ ಲೇಖನ ಒಂದೇ ವಾಕ್ಯದಲ್ಲಿ ಮುಗಿಸಿತೆಂಬುದು ನನಗಿರುವ ಇನ್ನೊಂದು ಕೊರಗು.

ಇನ್ನು ಮತಪ್ರಚಾರದ ಮಾತು. ಬೈಬಲಿನ ಮಾರ್ಕನ ಸುವಾರ್ತೆಯನ್ನು ಎಂಟು ವಾರ ಓದಿಸುವ ಪಾಠ ಧರ್ಮಬೋಧನೆಯೇ. ಅದನ್ನು ನಡೆಸುವವರೂ ಮುಚ್ಚಿಡುವುದಿಲ್ಲ. ನನ್ನ ದೃಷ್ಟಿಯಲ್ಲಿ ಕೇಳಬೇಕಾದದ್ದು, ಆ ಪಾಠಕ್ಕೆ ಕೂತವನಿಗೆ ಕೂರದವನಿಗಿಲ್ಲದ ಸೌಲಭ್ಯ ಸಿಗುತ್ತದೆಯೇ ಎಂಬುದು. ಅಯೋವಾ ರಾಜ್ಯದಲ್ಲಿ ಇದೇ ಇನ್ನರ್‌ಚೇಂಜ್ ಸರ್ಕಾರದ ಹಣ ಪಡೆದು ನಡೆಯುತ್ತಿದ್ದಾಗ, ಅದು ಸಂವಿಧಾನಬಾಹಿರವೆಂದು 2006ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ತೀರ್ಪಿನ ಮುಖ್ಯ ಭಾಗವನ್ನು ಎತ್ತಿಹಿಡಿಯಿತು. ಸೆರೆಯಲ್ಲಿರುವವನ ಒಪ್ಪಿಗೆ ಹೊರಗಿನವನ ಒಪ್ಪಿಗೆಯಷ್ಟು ಸ್ವತಂತ್ರವಾದದ್ದಲ್ಲ. ಈ ಮಾತು ಪಾದ್ರಿಗಳಿಗೆ ಎಷ್ಟು ಅನ್ವಯಿಸುತ್ತದೆಯೋ, ಪ್ರವಚನ ಮಾಡುವ ನಮ್ಮ ಸ್ವಾಮಿಗಳಿಗೂ ಯೋಗ ಕಲಿಸುವವರಿಗೂ ಅಷ್ಟೇ ಅನ್ವಯಿಸುತ್ತದೆ.

ನಮ್ಮ ಕಡೆಯ ಜೈಲುಗಳಿಗೆ ಬಂದರೆ ಲೆಕ್ಕವೇ ಬೇರೆ. ದೇಶದ ಬಂದಿಗಳಲ್ಲಿ ನಾಲ್ವರಿಗೆ ಮೂವರಂತೆ ವಿಚಾರಣಾಧೀನರು. ದೀರ್ಘ ಶಿಕ್ಷೆಯಾದವರನ್ನು ಚಿತ್ರದುರ್ಗ, ದಾವಣಗೆರೆಗಳಿಂದ ಶಿವಮೊಗ್ಗ, ಬಳ್ಳಾರಿಯಂಥ ಕೇಂದ್ರ ಕಾರಾಗೃಹಗಳಿಗೆ ಕಳಿಸಲಾಗುತ್ತದೆ. ಇಲ್ಲಿ ಉಳಿಯುವವನಿಗೆ ಇಂದೋ ನಾಳೆಯೋ ಜಾಮೀನು ಸಿಕ್ಕೀತು. ಅಂಥವನು ಮೂರನೆಯ ವಾರಕ್ಕೆ ಪಾಠ ಬಿಟ್ಟರೆ ಅದು ಸೋಲಲ್ಲ, ಬಿಡುಗಡೆ. ಆದ್ದರಿಂದ ಇಲ್ಲಿ ಬಿಟ್ಟುಹೋದವರ ಸಂಖ್ಯೆಯ ಜೊತೆಗೆ ಏಕೆ ಬಿಟ್ಟರೆಂಬುದನ್ನೂ ಬರೆದಿಡದೆ ಯಾವ ಪಾಠವನ್ನೂ ಹೊಗಳುವುದು ಅಥವಾ ತೆಗಳುವುದು ಆಗದ ಮಾತು.

ತಾವು ಪಾಠ ಹೇಳಲು ಜಾತಿ, ಮತ ಯಾವುದೂ ಅಡ್ಡಿಯಾಗಬೇಕಿಲ್ಲ. ಕಾರಾಗೃಹದ ಅಧೀಕ್ಷಕರಿಗೆ ಲಿಖಿತ ಅರ್ಜಿ ಕೊಡಿ. ಏನು ಕಲಿಸುವಿರಿ, ವಾರಕ್ಕೆ ಎಷ್ಟು ಗಂಟೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ. ಬಂದಿಗಳಿಗೆ ಸಹಿ ಹಾಕುವುದನ್ನು, ಅವರ ಮೇಲಿನ ಪ್ರಕರಣದ ಕಾಗದವನ್ನು ಅವರೇ ಓದಿಕೊಳ್ಳುವುದನ್ನು ಮೊದಲು ಕಲಿಸುವುದಾದರೆ, ಎರಡೇ ವಾರ ಕೂತು ಹೋದವನಿಗೂ ಅದು ದಕ್ಕುತ್ತದೆ.