90 ಕೌಶಲಗಳ ಪಟ್ಟಿ ಇದೆ, ಬಳಸುವವರಿಲ್ಲ

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಮಾನಸಿಕ ಆರೋಗ್ಯ ಮತ್ತು ವ್ಯಸನ ಚಿಕಿತ್ಸೆ ಎರಡೂ ನಡೆಯುತ್ತವೆ. ನರ್ಸ್‌ಗಳು, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು, ವ್ಯಸನದಿಂದ ಹೊರಬಂದು ಈಗ ಇತರರಿಗೆ ನೆರವಾಗುತ್ತಿರುವವರು ಸೇರಿ 40 ಮಂದಿ ಇದ್ದೇವೆ. ಎಲ್ಲರಿಗೂ ಒಂದೇ ಕೌಶಲ ಚೌಕಟ್ಟು ಇರಲೆಂದು 90 ಅಂಶಗಳ ಪಟ್ಟಿ ಮಾಡಿದೆವು. ಆರು ತಿಂಗಳಾದರೂ ಅದನ್ನು ಯಾರೂ ಬಳಸುತ್ತಿಲ್ಲ. ಎಲ್ಲಿ ಎಡವಿದೆವು?

ಉತ್ತರ: ಪಟ್ಟಿ ಎಷ್ಟು ಉದ್ದವಿದೆ ಎನ್ನುವುದಕ್ಕಿಂತ ಅದರ ಸಾಲುಗಳನ್ನು ಹೇಗೆ ಬರೆದಿದ್ದೀರಿ ಎಂದು ಮೊದಲು ನೋಡಿ. ‘ಸಹಾನುಭೂತಿ ಇರಬೇಕು’, ‘ಸಂವಹನ ಚೆನ್ನಾಗಿರಬೇಕು’ ಎಂದಿದ್ದರೆ ಅದನ್ನು ಯಾರ ಬಗ್ಗೆಯೂ ಹೌದೆನ್ನಬಹುದು, ಅಲ್ಲವೆನ್ನಬಹುದು. ಪಕ್ಕದಲ್ಲಿ ಕೂತವರ ಕಣ್ಣಿಗೆ ಬೀಳುವ, ಕಿವಿಗೆ ಕೇಳುವ ಕೆಲಸವಾಗಿ ಬರೆದರಷ್ಟೇ ಆ ಸಾಲು ಉಪಯೋಗಕ್ಕೆ ಬರುತ್ತದೆ. ‘ಆತ್ಮಹತ್ಯೆಯ ಅಪಾಯ ಗುರುತಿಸುವುದು’ ಎಂಬ ಸಾಲನ್ನು ತೆಗೆದು ಹೀಗೆ ಬರೆಯಿರಿ: ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುತ್ತಾರೆ. ಹೌದೆಂದರೆ ಹೇಗೆಂದು ಯೋಚಿಸಿದ್ದಾರೆ, ಅದಕ್ಕೆ ಬೇಕಾದ ವಸ್ತು ಕೈಗೆಟುಕುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದುಂಟೇ ಎಂದು ವಿಚಾರಿಸುತ್ತಾರೆ. ಅವರನ್ನು ಒಂಟಿಯಾಗಿ ಬಿಡದೆ ಹಿರಿಯರಿಗೆ ಕೂಡಲೇ ತಿಳಿಸುತ್ತಾರೆ.’ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತು ಎಂಬ ಅಂಜಿಕೆ ಸಿಬ್ಬಂದಿಯಲ್ಲಿ ಬಹಳ. ಅದು ತಪ್ಪು ತಿಳಿವಳಿಕೆ; ತರಬೇತಿ ಅಲ್ಲಿಂದಲೇ ಶುರುವಾಗಲಿ.

ಎರಡನೆಯ ಎಡವಟ್ಟು, ಹುದ್ದೆಗಳಿಂದ ಹೊರಟಿರುವುದು. ನೆರವು ಕೇಳಿ ಬಂದವರ ದಾರಿಯಿಂದ ಹೊರಡಿ: ಮೊದಲ ಫೋನ್ ಕರೆ, ದಾಖಲಾತಿ, ವಿತ್‌ಡ್ರಾವಲ್ (ವ್ಯಸನ ನಿಲ್ಲಿಸಿದಾಗ ದೇಹ ನರಳುವ) ದಿನಗಳು, ಸಮಾಲೋಚನೆ, ಬಿಡುಗಡೆ, ಮತ್ತೆ ಕುಡಿದು ಬಂದ ದಿನ. ಪ್ರತಿ ಹಂತದಲ್ಲೂ ‘ಇಲ್ಲಿ ಏನು ತಪ್ಪಿದರೆ ಜೀವಕ್ಕೆ ಅಪಾಯ?’ ಎಂದು ಕೇಳಿಕೊಳ್ಳಿ. ಬಹಳ ಕಾಲ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದಾಗ ಫಿಟ್ಸ್ ಬರುವುದು ಹೆಚ್ಚಾಗಿ 6ರಿಂದ 48 ಗಂಟೆಯೊಳಗೆ. ಡೆಲಿರಿಯಂ, ಅಂದರೆ ತೀವ್ರ ಗೊಂದಲ ಮತ್ತು ಭ್ರಮೆಯ ಸ್ಥಿತಿ, ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳ ನಡುವೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ‘ಕೊನೆಯ ಸಲ ಕುಡಿದದ್ದು ಯಾವಾಗ?’ ಎಂದು ಕೇಳುವುದು, ಕೈನಡುಕ, ಬೆವರು, ಗೊಂದಲ ಕಂಡೊಡನೆ ನರ್ಸ್ ಅಥವಾ ವೈದ್ಯರನ್ನು ಕರೆಯುವುದು ಸ್ವಾಗತ ಕೌಂಟರಿನವರಿಗೂ ರಾತ್ರಿ ಪಾಳಿಯವರಿಗೂ ಬೇಕಾದ ಕೌಶಲ. ಹೆರಾಯಿನ್‌ನಂಥ ಓಪಿಯಾಯ್ಡ್‌ಗಳನ್ನು ಕೆಲವು ವಾರ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಾಳುವುದಿಲ್ಲ, ಸಾವೂ ಸಂಭವಿಸಬಹುದು. ಈ ಎಚ್ಚರಿಕೆ ಬಿಡುಗಡೆಯ ದಿನದ ಮಾತಾಗಿ ಉಳಿಯಬಾರದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಹೋಗುವವರಿಗೂ ಈ ಅಪಾಯವಿದೆ, ಅವರಿಗೆ ಹೇಳುವವರು ಯಾರೆಂದು ಚೌಕಟ್ಟಿನಲ್ಲೇ ಬರೆದಿರಬೇಕು.

ಹೀಗೆ ಬರೆದರೆ ಸಾಲುಗಳು ತಾವಾಗಿ ಮೂರು ಮಟ್ಟಕ್ಕೆ ಬೀಳುತ್ತವೆ: ಎಲ್ಲರಿಗೂ ಬೇಕಾದವು, ಚಿಕಿತ್ಸೆ ಕೊಡುವವರಿಗೆ ಬೇಕಾದವು, ಇತರರನ್ನು ತಿದ್ದುವವರಿಗೆ ಬೇಕಾದವು. ಮೊದಲ ಮಟ್ಟ ಚಿಕ್ಕದಿರಲಿ. ನ್ಯೂಜಿಲೆಂಡ್ 2008ರಲ್ಲಿ ಈ ಎರಡೂ ಕ್ಷೇತ್ರಗಳ ಕಾರ್ಯಕರ್ತರಿಗಾಗಿ ತಂದ ‘ಲೆಟ್ಸ್ ಗೆಟ್ ರಿಯಲ್’ ಚೌಕಟ್ಟಿನಲ್ಲಿ ಮೂಲ ಕೌಶಲಗಳು ಏಳೇ. ಅಮೆರಿಕದಲ್ಲಿ ವ್ಯಸನ ಸಮಾಲೋಚಕರಿಗೆ ಮಾಡಿದ ಪಟ್ಟಿಯಲ್ಲಿ 123 ಇವೆ. ಪಠ್ಯಕ್ರಮ ಕಟ್ಟುವುದಕ್ಕೆ ಅಂಥ ವಿವರ ಬೇಕು, ದಿನದ ಕೆಲಸಕ್ಕೆ ಅದು ಭಾರ.

ಚೇತರಿಸಿಕೊಂಡು ನೆರವಿಗೆ ನಿಂತವರನ್ನು ಅರೆ ಸಮಾಲೋಚಕರೆಂದು ಅಳೆಯಬೇಡಿ. ಎದುರಿನವರಿಗೆ ಎಷ್ಟು ಬೇಕೋ ಅಷ್ಟೇ ತಮ್ಮ ಅನುಭವ ಹೇಳಿ, ಮಾತನ್ನು ಮತ್ತೆ ಅವರಿಗೇ ಬಿಟ್ಟುಕೊಡುವುದು ಅವರದೇ ವಿಶೇಷ ಕೌಶಲ. ಅದಕ್ಕೆ ಪ್ರತ್ಯೇಕ ಸಾಲುಗಳಿರಲಿ. ಬರೆಯುವ ಗುಂಪಿನಲ್ಲಿ ಅವರೂ, ಚಿಕಿತ್ಸೆ ಪಡೆದ ಇಬ್ಬರಾದರೂ ಮೊದಲ ಸಭೆಯಿಂದಲೇ ಇರಬೇಕು. ಕರಡು ಮುಗಿದ ಮೇಲೆ ಕರೆದರೆ ಅವರಿಗೆ ಒಪ್ಪಿಗೆ ಕೊಡುವ ಕೆಲಸವಷ್ಟೇ ಉಳಿಯುತ್ತದೆ.

ಇನ್ನು ಅಳೆಯುವ ಬಗೆ. ಲಿಖಿತ ಪರೀಕ್ಷೆ ತಿಳಿವಳಿಕೆಯನ್ನು ಹೇಳುತ್ತದೆ, ಕೈಯಲ್ಲಿರುವ ಕೆಲಸವನ್ನಲ್ಲ. 10–15 ನಿಮಿಷದ ರೋಲ್ ಪ್ಲೇ ಮಾಡಿಸಿ, ಇಲ್ಲವೇ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣದ 20 ನಿಮಿಷ ಕೇಳಿ. ಬದಲಾಗುವ ಮನಸ್ಸನ್ನು ಎದುರಿನವರ ಮಾತಿನಿಂದಲೇ ಹೊರತರುವ ‘ಪ್ರೇರಣಾತ್ಮಕ ಸಂದರ್ಶನ’ ಎಂಬ ಸಮಾಲೋಚನಾ ವಿಧಾನದಲ್ಲಿ, ಸಮಾಲೋಚಕರು ಕೇಳುವ ಒಂದೊಂದು ಪ್ರಶ್ನೆಯ ಲೆಕ್ಕಕ್ಕೆ ಎದುರಿನವರ ಮಾತಿನ ಅರ್ಥವನ್ನು ಹಿಂತಿರುಗಿಸುವ ಒಂದು ಮಾತಿದ್ದರೆ ಸಾಧಾರಣ, ಎರಡಿದ್ದರೆ ಉತ್ತಮ ಎಂದು ಎಣಿಸುತ್ತಾರೆ. ಪ್ರತಿ ಕೌಶಲದ ಕೆಳಗೆ ಹಾನಿ ಮಾಡುವ ನಡೆಯನ್ನೂ ಬರೆಯಿರಿ: ‘ನಿಮ್ಮಿಂದಲೇ ಮನೆ ಹಾಳಾಯಿತು’ ಎನ್ನುವುದು, ಗುಟ್ಟಾಗಿ ಹೇಳಿದ್ದನ್ನು ಅನುಮತಿಯಿಲ್ಲದೆ ಮನೆಯವರಿಗೆ ತಿಳಿಸುವುದು. ಅಂಥದ್ದು ಕಂಡರೆ ಉಳಿದ ಅಂಕ ಎಷ್ಟೇ ಇರಲಿ, ಮೊದಲು ಅದನ್ನೇ ತಿದ್ದಬೇಕು.

ಎರಡು ದಿನದ ಕಾರ್ಯಾಗಾರದಲ್ಲಿ ಕಲಿತದ್ದು, ಮುಂದೆ ತಿದ್ದುವವರಿಲ್ಲದಿದ್ದರೆ, ಕೆಲವೇ ತಿಂಗಳಲ್ಲಿ ಮಾಸುತ್ತದೆ. ತಿಂಗಳಿಗೆ ಎರಡು ಸಲ, ಪ್ರತಿ ಸಲ ಒಂದೇ ಕೌಶಲ ಹಿಡಿದು ಮೇಲ್ವಿಚಾರಣೆಗೆ ಕೂರಿ. ಮೊದಲ ವರ್ಷ ಸಂಬಳಕ್ಕೂ ಬಡ್ತಿಗೂ ಇದನ್ನು ತಳುಕು ಹಾಕಬೇಡಿ. ಹಾಕಿದರೆ ಎಲ್ಲರೂ ತಮಗೆ ತಾವೇ ಪೂರ್ತಿ ಅಂಕ ಕೊಟ್ಟುಕೊಳ್ಳುತ್ತಾರೆ.

ಈಗ ನಿಮ್ಮ 90ರಲ್ಲಿ 12 ಸಾಲುಗಳನ್ನು ಆರಿಸಿ, ಐದಾರು ಮಂದಿಯೊಂದಿಗೆ ಮೂರು ತಿಂಗಳು ಬಳಸಿ ನೋಡಿ. ಒಂದೇ ಧ್ವನಿಮುದ್ರಣವನ್ನು ಇಬ್ಬರು ಮೇಲ್ವಿಚಾರಕರು ಬೇರೆಬೇರೆ ಕೂತು ಕೇಳಿ ಅಂಕ ಹಾಕಲಿ. ಯಾವ ಸಾಲಿನಲ್ಲಿ ಇಬ್ಬರ ಅಂಕಗಳು ಮತ್ತೆ ಮತ್ತೆ ಹೊಂದುವುದಿಲ್ಲವೋ ಅಲ್ಲಿ ತಪ್ಪು ಕೆಲಸಗಾರರದ್ದಲ್ಲ, ಸಾಲಿನದು. ಅದನ್ನು ಮತ್ತೆ ಬರೆಯಿರಿ.