ಆಪ್ತಸಲಹೆ ಪ್ರಕರಣ: ಗುರುಗಳ ಎದುರು ನಿರ್ಣಯ ಮಂಡಿಸುವುದು ಹೇಗೆ?

ಇವರು ತುಮಕೂರು ಜಿಲ್ಲೆಯ ಉತ್ತರ ಭಾಗದ ಊರೊಂದರಲ್ಲಿ ಸ್ವಂತ ಕ್ಲಿನಿಕ್ ನಡೆಸುವ ವೈದ್ಯೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರಿನ ಹೆಸರು, ಸಂಘದ ಹೆಸರು ಇಲ್ಲಿಲ್ಲ. ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಡಾಕ್ಟರಮ್ಮ ಎಂದೇ ಕರೆಯುತ್ತೇನೆ, ರೋಗಿಗಳು ಕರೆಯುವುದೂ ಹಾಗೇ.

ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಹೇಳಿಕೊಂಡದ್ದು ನಿದ್ದೆಯ ತೊಂದರೆ. ರಾತ್ರಿ ಎರಡಕ್ಕೆ ಎಚ್ಚರ, ಆಮೇಲೆ ಬೆಳಗಾಗುವವರೆಗೂ ಮನಸ್ಸಿನಲ್ಲೇ ಜಗಳ. ನರ್ಸ್ ಮೇಲೆ ರೇಗುತ್ತಿದ್ದರು. ಮಗಳು ಲೆಕ್ಕ ಹೇಳಿಸಿಕೊಳ್ಳಲು ಬಂದರೆ ಗದರುತ್ತಿದ್ದರು. "ಸಂಘಕ್ಕೆ ರಾಜೀನಾಮೆ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತೆ ಅಲ್ವಾ ಮೇಡಂ?" ಎಂದು ಕೇಳಿದರು. ಸಂಘ ಅಂದರೆ ಅವರು ಸದಸ್ಯರಾಗಿರುವ ವೈದ್ಯರ ಸಂಘದ ಶಾಖೆ.

ಕ್ಲಿನಿಕ್‌ನ ತ್ಯಾಜ್ಯ ಒಯ್ಯುವ ಗಾಡಿ ಅವರ ಊರಿಗೆ ಸರಿಯಾಗಿ ಬರುತ್ತಿರಲಿಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ರಕ್ತ ಹತ್ತಿದ ಹತ್ತಿ, ಬ್ಯಾಂಡೇಜುಗಳನ್ನು 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಗಾಡಿ ಬರದಿದ್ದರೆ ಅವನ್ನು ತುಂಬಿಟ್ಟ ಹಳದಿ ಚೀಲ ಅಲ್ಲೇ ಉಳಿಯುತ್ತದೆ. ತಪಾಸಣೆಗೆ ಬಂದವರು ಕೇಳುವುದು ಡಾಕ್ಟರನ್ನೇ. ಇದೇ ಹೊತ್ತಿಗೆ ಸಂಘದವರು ಅಧಿಕಾರಿಗಳಿಗೆ ಕೊಡಲು ಒಂದು ಮನವಿ ತಯಾರಿಸಿದರು. ನರ್ಸಿಂಗ್ ಹೋಮ್‌ಗಳ ಪರವಾನಗಿ, ಶುಲ್ಕ, ನವೀಕರಣ ಎಲ್ಲ ಅದರಲ್ಲಿತ್ತು. ಒಬ್ಬರೇ ನಡೆಸುವ ಕ್ಲಿನಿಕ್ ಬಗ್ಗೆ ಒಂದು ಸಾಲೂ ಇರಲಿಲ್ಲ.

ಡಾಕ್ಟರಮ್ಮ ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಉದ್ದಕ್ಕೆ ಬರೆದರು. ಯಾರೂ ಉತ್ತರಿಸಲಿಲ್ಲ. ಬೆಳಿಗ್ಗೆ ಹಿರಿಯ ಪದಾಧಿಕಾರಿಯೊಬ್ಬರು, "ಅಮ್ಮಾ, ಮೀಟಿಂಗಿಗೆ ಬಂದು ಹೇಳಿ" ಎಂದು ಬರೆದರು. ಇವರು ಗ್ರೂಪ್ ಬಿಟ್ಟರು.

"ದೊಡ್ಡವರು ಹೇಳಿದರೆ ನಡೆಯುತ್ತೆ" ಎಂದು ಅವರೇ ಉದಾಹರಣೆ ಕೊಟ್ಟರು. 2017ರ ನವೆಂಬರ್‌ನಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ತಿದ್ದುಪಡಿ ವಿರುದ್ಧ ಖಾಸಗಿ ವೈದ್ಯರು ಮುಷ್ಕರ ಮಾಡಿದಾಗ ಮಸೂದೆಯ ಕಠಿಣ ಅಂಶಗಳು ಸಡಿಲವಾದವು. (ಆ ದಿನಗಳಲ್ಲಿ ರೋಗಿಗಳು ಪಟ್ಟ ಪಾಡನ್ನೂ ನಾನು ಮರೆಯಲಾರೆ.) 2023ರ ಆಗಸ್ಟ್‌ನಲ್ಲಿ ಕಂಪನಿಯ ಬ್ರ್ಯಾಂಡ್ ಹೆಸರು ಬಿಟ್ಟು ಜೆನೆರಿಕ್ ಹೆಸರಿನಲ್ಲೇ (ಔಷಧಿಯ ಮೂಲ ಹೆಸರಿನಲ್ಲೇ) ಔಷಧಿ ಬರೆಯಬೇಕೆಂಬ ನಿಯಮ ಬಂತು. ಭಾರತೀಯ ವೈದ್ಯಕೀಯ ಸಂಘ ಮತ್ತಿತರರು ಆಕ್ಷೇಪಿಸಿದರು. ರಾಷ್ಟ್ರೀಯ ವೈದ್ಯಕೀಯ ಆಯೋಗ ಅದೇ ತಿಂಗಳು ಅದನ್ನು ತಡೆಹಿಡಿಯಿತು. "ಅದೆಲ್ಲ ಆಗುತ್ತೆ. ನನ್ನ ಹಳದಿ ಚೀಲದ ಮಾತು ಮಾತ್ರ ಯಾರಿಗೂ ಬೇಡ."

"ಇದನ್ನು ಸಂಘಕ್ಕೆ ಬರೆದು ಕೊಟ್ಟಿದ್ದೀರಾ? ಸಭೆಗೆ ಹೋಗಿದ್ದೀರಾ?" ಎಂದು ಕೇಳಿದೆ.

ಇಲ್ಲ. ಸಭೆ ಶನಿವಾರ ರಾತ್ರಿ, ತುಮಕೂರಿನ ಹೋಟೆಲಿನಲ್ಲಿ, ಊಟದ ಜೊತೆ. ಸಂಜೆ ಒಪಿಡಿ ಮುಗಿಸಿ ಅಷ್ಟು ದೂರ ಬಂದು, ಒಬ್ಬರೇ ಕಾರು ಓಡಿಸಿಕೊಂಡು ಮಧ್ಯರಾತ್ರಿ ಮನೆ ಸೇರಬೇಕು. ಇದು ನೆಪ ಅಲ್ಲ. ಯಾರ ಮಾತು ನಡೆಯಬೇಕು ಅನ್ನುವುದನ್ನು ಸಭೆಯ ಹೊತ್ತೇ ಅರ್ಧ ತೀರ್ಮಾನಿಸಿಬಿಡುತ್ತದೆ. ಹತ್ತು ತಾಲ್ಲೂಕುಗಳ ಜಿಲ್ಲೆ ಇದು. ಪಾವಗಡ, ಮಧುಗಿರಿ, ಶಿರಾ ಕಡೆಯವರು ಸಭೆಯಲ್ಲಿ ಇಲ್ಲದಿದ್ದರೆ ಮನವಿಯಲ್ಲೂ ಇರುವುದಿಲ್ಲ.

ಆದರೆ ನಿದ್ದೆ ಕೆಡಿಸಿದ್ದು ಗಾಡಿಯೂ ಅಲ್ಲ, ದಾರಿಯೂ ಅಲ್ಲ. ಆ ಹಿರಿಯರ ವಿಷಯ ಬಂದಾಗಲೆಲ್ಲ ಡಾಕ್ಟರಮ್ಮನ ದನಿ ಸಣ್ಣದಾಗುತ್ತಿತ್ತು. ಬಿಡಿಸಿ ಕೇಳಿದಾಗ ಗೊತ್ತಾಯಿತು: ಓದು ಮುಗಿದ ಮೇಲೆ ಮೊದಲ ಕೆಲಸ ಕೊಟ್ಟವರು ಅವರೇ. ಒಮ್ಮೆ ರೋಗಿಯ ಕಡೆಯವರು ಗಲಾಟೆ ಮಾಡಿದಾಗ ಎದುರು ನಿಂತು ಕಾಪಾಡಿದವರೂ ಅವರೇ. "ಅನ್ನ ಕೊಟ್ಟ ಸರ್ ಅವರು. ಅವರು ಬರೆದ ಮನವಿ ಸರಿಯಿಲ್ಲ ಅಂತ ಎಲ್ಲರೆದುರು ಹೇಳಲಾ?" ಎಂದು ಅತ್ತರು.

ರಾತ್ರಿ ಹನ್ನೊಂದಕ್ಕೆ ಬರೆದದ್ದು ಯಾಕೆ ಅಂತ ಆಗ ಇಬ್ಬರಿಗೂ ಅರ್ಥವಾಯಿತು. ಫೋನಿನಲ್ಲಿ ಸರ್ ಮುಖ ನೋಡಬೇಕಾಗಿಲ್ಲ. ಹೇಳಿದ ಹಾಗೂ ಆಯಿತು, ಎದುರು ನಿಲ್ಲದ ಹಾಗೂ ಆಯಿತು. "ಬಂದು ಹೇಳಿ" ಎಂಬ ಮಾತು ಅವರಿಗೆ ಅವಮಾನದಂತೆ ಕೇಳಿಸಿದ್ದು ಅದಕ್ಕೇ. ಅವರು ಹೆದರಿದ್ದದ್ದು ಆ ಒಂದಕ್ಕೇ.

ನಾನು ಕೊಟ್ಟ ಸಲಹೆಯಲ್ಲಿ ಹೆಚ್ಚಿನ ಪಾಲು ಇದರ ಸುತ್ತಲೇ. ಸಭೆಗೆ ಮುಂಚೆ ಸರ್ ಮನೆಗೆ ಹೋಗಿ. ಸಭೆಯಲ್ಲಿ ಅವರಿಗೆ ಇದು ಹೊಸ ಸುದ್ದಿಯಾಗಬಾರದು. ಕೃತಜ್ಞತೆಯನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಬೇಡಿಕೆ ಹೇಳಿ. ಎರಡನ್ನೂ ಒಂದೇ ವಾಕ್ಯಕ್ಕೆ ತುರುಕಬೇಡಿ. ಏನು ಹೇಳುವುದೆಂದು ನನ್ನೆದುರೇ ಮತ್ತೆ ಮತ್ತೆ ಹೇಳಿ ನೋಡಿದರು. ಮೊದಮೊದಲು ಪ್ರತಿ ಸಲ ಕ್ಷಮೆಯಿಂದಲೇ ಶುರುವಾಗುತ್ತಿತ್ತು. ಕೊನೆಗೆ ಉಳಿದದ್ದು: "ಸರ್, ನಮ್ಮಂಥ ಸಣ್ಣ ಕ್ಲಿನಿಕ್‌ಗಳದ್ದೂ ಮನವಿಯಲ್ಲಿ ಸೇರಬೇಕು. ಬರೆದು ತಂದಿದ್ದೇನೆ."

ಸಂಘದ ಬೈಲಾ, ಅಂದರೆ ಒಳ ನಿಯಮಗಳ ಪುಸ್ತಕ, ತರಿಸಿಕೊಂಡು ಓದಿ ಅಂದೆ. ಸದಸ್ಯರಾಗಿ ಇಷ್ಟು ವರ್ಷವಾದರೂ ಅವರು ನೋಡಿರಲಿಲ್ಲ. ಬಹಳಷ್ಟು ಸದಸ್ಯರು ನೋಡಿರುವುದಿಲ್ಲ. ಸರ್ವಸದಸ್ಯರ ಸಭೆಗೆ ವಿಷಯ ಎಷ್ಟು ದಿನ ಮೊದಲು ಕೊಡಬೇಕು, ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ) ಎಷ್ಟು, ನಿರ್ಣಯಕ್ಕೆ ಸೂಚಕರು ಅನುಮೋದಕರು ಯಾರಾಗಬಹುದು ಎಂಬುದೆಲ್ಲ ಅದರಲ್ಲಿರುತ್ತದೆ. ಇಂಥ ಸಂಘಗಳಲ್ಲಿ ಶಾಖೆ ಒಪ್ಪಿದ ನಿರ್ಣಯ ರಾಜ್ಯ ಮಟ್ಟಕ್ಕೆ, ಅಲ್ಲಿಂದ ಕೇಂದ್ರಕ್ಕೆ ಹೋಗಬಹುದು. ವಾಟ್ಸ್ಆ್ಯಪ್ ಸಂದೇಶಕ್ಕೆ ಆ ದಾರಿ ಇಲ್ಲ. ಒಂದೇ ಪುಟ ಬರೆಯಿರಿ, ಸುತ್ತಲಿನ ಸಣ್ಣ ಕ್ಲಿನಿಕ್‌ನವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ, ಸೋತರೂ ನಿಮ್ಮ ಅಭಿಪ್ರಾಯ ನಡಾವಳಿಯಲ್ಲಿ ಬರೆಸಿ ಎಂದೆ. 48 ಗಂಟೆ ಮೀರುವ ಹಾಗಿದ್ದರೆ ಕಾರಣ ಸಹಿತ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು ಅಂತ ನಿಯಮದಲ್ಲೇ ಇದೆ ಎಂದು ಅವರೇ ಹುಡುಕಿ ತಂದರು. ಅದನ್ನು ಆವತ್ತಿನಿಂದಲೇ ಶುರು ಮಾಡಿದರು. ಎದೆಯ ಅರ್ಧ ಭಾರ ಇಳಿದದ್ದು ಅಲ್ಲೇ ಅಂತ ನನಗನ್ನಿಸುತ್ತದೆ.

ನಿದ್ದೆಗೆ: ರಾತ್ರಿ ಒಂಬತ್ತರ ಮೇಲೆ ಫೋನ್ ಮಲಗುವ ಕೋಣೆಯ ಹೊರಗೆ. ಎರಡು ವಾರದಲ್ಲಿ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕು, ತಾವೇ ಮಾತ್ರೆ ಬರೆದುಕೊಳ್ಳಬಾರದು. ವೈದ್ಯರು ಈ ಕೆಲಸ ಜಾಸ್ತಿ ಮಾಡುತ್ತಾರೆ, ಅದಕ್ಕೇ ಒತ್ತಿ ಹೇಳಿದೆ. ನಡುರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಎಂದೆ. ಕನ್ನಡದಲ್ಲೇ ಮಾತಾಡಬಹುದು, ಉಚಿತ.

ಭಾನುವಾರ ಬೆಳಿಗ್ಗೆ ಸರ್ ಮನೆಗೆ ಹೋದರು. ಅವರು ಕಾಫಿ ಕೊಟ್ಟು, ಪುಟ ಓದಿ, "ನಿಮ್ಮ ಕಡೆ ಗಾಡಿ ಬರಲ್ಲ ಅಂತ ನನಗೆ ಗೊತ್ತೇ ಇರಲಿಲ್ಲ ಕಣಮ್ಮ" ಎಂದರಂತೆ. ಸಭೆಯಲ್ಲಿ ಆ ಬೇಡಿಕೆ ಮನವಿಗೆ ಸೇರಿತು. ಎರಡನೇ ನಿರ್ಣಯ, ಅಂದರೆ ಸಭೆಗಳನ್ನು ಭಾನುವಾರ ಮಧ್ಯಾಹ್ನ, ಒಮ್ಮೊಮ್ಮೆ ಮಧುಗಿರಿ ಅಥವಾ ಶಿರಾದಲ್ಲಿ ನಡೆಸಬೇಕು ಅನ್ನುವುದು, ಬಿದ್ದುಹೋಯಿತು. ಅದನ್ನು ವಿರೋಧಿಸಿ ಮಾತಾಡಿದವರು ಸರ್ ಅವರೇ. ಡಾಕ್ಟರಮ್ಮ ಎದ್ದು ನಿಂತು ಉತ್ತರ ಕೊಟ್ಟರು. ಆ ರಾತ್ರಿ ಮನೆಗೆ ಹೋಗಿ ಮಲಗಿದವರಿಗೆ ಮಗಳು ಎಬ್ಬಿಸಿದಾಗಲೇ ಎಚ್ಚರವಾಯಿತಂತೆ.

ಎರಡನೇ ನಿರ್ಣಯವನ್ನು ಮುಂದಿನ ವಾರ್ಷಿಕ ಸಭೆಗೆ ಮತ್ತೆ ತರುತ್ತಿದ್ದಾರೆ. ಅನುಮೋದಿಸಲು ಶಿರಾ ಕಡೆಯ ಇಬ್ಬರು ಒಪ್ಪಿದ್ದಾರೆ. ಗಾಡಿ ಇನ್ನೂ ಸರಿಯಾಗಿ ಬರುತ್ತಿಲ್ಲ.